ಲಾಭ, ಎರಡು, ಮೂರು

ಕ್ಯಾತ್ಸಂದ್ರದವನು ಅಂತ ಬೆಂಗಳೂರಿನಲ್ಲಿ ಯಾರಿಗೆ ಹೇಳಿದರೂ ಎರಡು ಪ್ರಶ್ನೆ ಗ್ಯಾರಂಟಿ. ಮೊದಲನೆಯದು, "ಓ, ತಟ್ಟೆ ಇಡ್ಲಿ ಊರಾ?" ಎರಡನೆಯದು, "ಬಿಡದಿ ತಟ್ಟೆ ಇಡ್ಲಿಗೂ ನಿಮ್ಮದಕ್ಕೂ ಏನು ವ್ಯತ್ಯಾಸ?" ಮೊದಲನೆಯದಕ್ಕೆ ಹೆಮ್ಮೆಯಿಂದ ತಲೆಯಾಡಿಸುತ್ತೇನೆ. ಎರಡನೆಯದಕ್ಕೆ ಕಿವಿ ಕೇಳಿಸದವನಂತೆ ಕಿಟಕಿ ಕಡೆ ನೋಡುತ್ತೇನೆ. ಆದರೆ ಊರಿನಲ್ಲೇ ಇದ್ದರೆ ಮೂರನೆಯ ಪ್ರಶ್ನೆಯೊಂದು ಕಾದಿರುತ್ತದೆ ಎಂಬುದು 2020ರಲ್ಲಿ ಕೊರೋನಾ ಬಂದು ನಾನು ಲ್ಯಾಪ್‌ಟಾಪ್ ಸಮೇತ ಅಟ್ಟದ ಕೋಣೆಗೆ ವಾಪಸಾದಾಗ ಗೊತ್ತಾಯಿತು. ಅದನ್ನು ಕೇಳಿದವನು ಸೋದರಮಾವ.

"ಏನ್ಲಾ ಅಳಿಯಾ, ಹಗಲೂ ರಾತ್ರಿ ಅದನ್ನ ಕುಟ್ಟುತ್ತಾ ಕೂತಿರ್ತೀಯ. ನಮ್ಮ ಹೋಟ್ಲಿಗೂ ಒಂದಿಷ್ಟು ಕುಟ್ಟಿಕೊಡಬಾರದಾ?"

ಮಾವನದು ಹೆದ್ದಾರಿಯಿಂದ ಒಳಗೆ ಸರಿದ ಸಣ್ಣ ಹೋಟೆಲು. ಬೆಳಗಿನ ಐದಕ್ಕೆ ಹಬೆ ಏಳುತ್ತದೆ, ಹನ್ನೊಂದಕ್ಕೆ ಬಾಗಿಲು. ಅದರ ನಿಜವಾದ ವ್ಯಾಪಾರ ಗೃಹಪ್ರವೇಶ, ನಾಮಕರಣ, ತಿಥಿ ಅಂತ ಬರುವ ದೊಡ್ಡ ಆರ್ಡರುಗಳದ್ದು. ಆರ್ಡರೆಲ್ಲ ಗೋಡೆ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಮಾಡಿದ ಚೀಟಿಗಳಲ್ಲಿ, ಚೀಟಿಗಳೆಲ್ಲ ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಯಲ್ಲಿ. ಆ ಮೊಳೆಯೇ ಅವನ ಡೇಟಾಬೇಸು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅದು ಡೌನ್ ಆಗಿರಲಿಲ್ಲ ಎಂಬುದನ್ನು ನಾನು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ. "ಒಂದು ಭಾನುವಾರದ ಕೆಲಸ ಮಾವ" ಅಂದುಬಿಟ್ಟೆ.

ಫಾರಂ ಸರಳವಾಗಿಯೇ ಇತ್ತು. ಗಿರಾಕಿಯ ಹೆಸರು, ಫೋನು, ತಾರೀಕು. ಕೆಳಗೆ ತಿಂಡಿಯ ಸಾಲುಗಳು; ಒಂದೊಂದು ಸಾಲಿನಲ್ಲೂ ತಿಂಡಿಯ ಹೆಸರು, ಎಷ್ಟು, 'ಬೆಣ್ಣೆ ಬೇಕಾ?' ಎಂದು ಕೇಳುವ ಪುಟ್ಟ ಚೌಕ. 'ಸಾಲು ಸೇರಿಸಿ' ಎಂದು ಒಂದು ಗುಂಡಿ, 'ತೆಗೆಯಿರಿ' ಎಂದು ಇನ್ನೊಂದು. ಈ ಎರಡು ಗುಂಡಿಗಳೇ ಮುಂದೆ ನನ್ನನ್ನು ಗುಂಡಿಗೆ ಹಾಕಿದ್ದು.

ಇಲ್ಲೊಂದು ಗುಟ್ಟು ಹೇಳಬೇಕು. ಬ್ರೌಸರಿಗೆ ಪಟ್ಟಿ ಎಂದರೆ ಏನು ಅಂತಲೇ ಗೊತ್ತಿಲ್ಲ. ನಾವು ಪರದೆಯ ಮೇಲೆ ಎಷ್ಟು ಚೆಂದವಾಗಿ ಸಾಲು ಜೋಡಿಸಿದರೂ ಅದು ಕಳಿಸುವುದು ಒಂದೇ ಉದ್ದನೆಯ ದಾರ: ಹೆಸರು ಸಮ ಬೆಲೆ, ಹೆಸರು ಸಮ ಬೆಲೆ, ಹೀಗೆ. ಯಾವ ಬೆಲೆ ಯಾವ ಸಾಲಿನದು ಎಂಬುದು ಆ ದಾರಕ್ಕೆ ಬೇಕಿಲ್ಲ. ಅತ್ತ ಕಡೆ ಸರ್ವರಿನಲ್ಲಿ ಕಂಟ್ರೋಲರ್ ಎಂಬ ಮಹಾಶಯ ಕೂತು, ದಾರ ಬಿಚ್ಚಿ, ಮತ್ತೆ ಸಾಲು ಮಾಡಿಕೊಳ್ಳಬೇಕು. ಮಾವನ ಹೋಟೆಲಿನ ಸಪ್ಲೈಯರ್ ಒಂಬತ್ತು ಟೇಬಲಿನ ಆರ್ಡರನ್ನು ಒಂದೇ ಉಸಿರಿನಲ್ಲಿ ಅಡುಗೆಮನೆಗೆ ಕೂಗುತ್ತಾನಲ್ಲ, ಹಾಗೆ. ವ್ಯತ್ಯಾಸವೇನೆಂದರೆ ಅವನು ಮುಖ ನೋಡಿಕೊಂಡಿರುತ್ತಾನೆ.

ನನ್ನ ಮೊದಲ ಆವೃತ್ತಿಯಲ್ಲಿ ಎಲ್ಲ ಸಾಲಿನ ತಿಂಡಿಗೂ ಒಂದೇ ಹೆಸರು, ಎಲ್ಲ ಬೆಣ್ಣೆಗೂ ಒಂದೇ ಹೆಸರು. ಅತ್ತ ಕಡೆ ತಿಂಡಿಗಳದೊಂದು ಪಟ್ಟಿ, ಬೆಣ್ಣೆಗಳದೊಂದು ಪಟ್ಟಿ. ಒಂದನೆಯದಕ್ಕೆ ಒಂದನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಜೋಡಿ ಹಾಕುವುದು. ಜೋಡಿ ಹಾಕುವುದರಲ್ಲಿ ಏನು ಕಷ್ಟ? ಕಷ್ಟ ಇರುವುದು ಆ ಚೌಕದಲ್ಲಿ. ಟಿಕ್ ಹಾಕದ ಚೌಕ 'ಬೇಡ' ಅನ್ನುವುದಿಲ್ಲ. ಏನೂ ಅನ್ನುವುದಿಲ್ಲ. ಆ ದಾರದಲ್ಲಿ ಅದು ಇರುವುದೇ ಇಲ್ಲ. ಎಚ್‌ಟಿಎಂಎಲ್ ಫಾರಂ ಹುಟ್ಟಿದ ಕಾಲದಿಂದ ಇದೇ ಪದ್ಧತಿ. ನನಗೂ ಗೊತ್ತಿತ್ತು, ಸಿಗ್ನಲ್ಲಿನಲ್ಲಿ ನಿಲ್ಲಬೇಕೆಂದು ನಮಗೆಲ್ಲ ಗೊತ್ತಿರುತ್ತದಲ್ಲ, ಆ ಮಟ್ಟಿಗೆ.

ಮೊದಲ ಆರ್ಡರ್ ಒಂದು ಗೃಹಪ್ರವೇಶದ್ದು. ಕೇಸರಿಬಾತ್ ನಲವತ್ತು, ಬೆಣ್ಣೆ ಇಲ್ಲ. ವಡೆ ಎಂಬತ್ತು, ಬೆಣ್ಣೆ ಇಲ್ಲ. ತಟ್ಟೆ ಇಡ್ಲಿ ಎಂಬತ್ತು, ಬೆಣ್ಣೆ ಬೇಕು. ಮೂರು ತಿಂಡಿಗೆ ಬಂದದ್ದು ಒಂದೇ ಬೆಣ್ಣೆ. ಪಟ್ಟಿಯಲ್ಲಿ ಅದೇ ಮೊದಲನೆಯದು. ಮೊದಲನೆಯ ಬೆಣ್ಣೆ ಮೊದಲನೆಯ ತಿಂಡಿಗೆ. ಮಾವ ಚೀಟಿ ನೋಡಿ ಒಂದು ಗಳಿಗೆ ಸುಮ್ಮನಿದ್ದನಂತೆ. ಆಮೇಲೆ, "ಕಂಪ್ಯೂಟರ್ ಹೇಳಿದ ಮೇಲೆ ಏನೋ ಇರಬೇಕು" ಅಂತ ನಲವತ್ತು ಕೇಸರಿಬಾತಿನ ಮೇಲೆ ನಲವತ್ತು ಬೆಣ್ಣೆ ಉಂಡೆ ಇಟ್ಟು ಕಳಿಸಿದ. ಅನಾಹುತವೇನೆಂದರೆ ಆ ಮನೆಯವರಿಗೆ ಅದು ಇಷ್ಟವಾಯಿತು. ಮುಂದಿನ ತಿಂಗಳು ನಾಮಕರಣಕ್ಕೂ ಅದನ್ನೇ ಕೇಳಿದರು. ತಪ್ಪು ಒಪ್ಪಿಕೊಳ್ಳಲು ಹೋದ ನನಗೆ ಮಾವ ಶಭಾಷ್ ಅಂದ. ಇಂಥ ಶಭಾಷ್‌ಗಿರಿಯಿಂದಲೇ ಪ್ರೋಗ್ರಾಮರುಗಳು ಕೆಡುವುದು.

ಎರಡನೆಯ ಆವೃತ್ತಿಯಲ್ಲಿ ಶಾಸ್ತ್ರೋಕ್ತವಾಗಿ ನಂಬರು ಹಾಕಿದೆ. ತಿಂಡಿ[0].ಹೆಸರು, ತಿಂಡಿ[0].ಎಷ್ಟು, ತಿಂಡಿ[0].ಬೆಣ್ಣೆ, ಮುಂದಿನ ಸಾಲಿಗೆ ತಿಂಡಿ[1]. ಆವರಣದೊಳಗಿನ ಅಂಕಿ ಬ್ರೌಸರಿಗೆ ಬರೀ ಅಕ್ಷರ, ಆದರೆ ನಾನು ಬಳಸುವ ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕಿಗೆ ಅದು ಮನೆ ನಂಬರು. ಬೆಣ್ಣೆ ಯಾರ ಮನೆಯದೋ ಆ ಮನೆಗೇ ಹೋಗುತ್ತದೆ. ಮಾತಾಡದ ಚೌಕಕ್ಕೂ ಅದರಲ್ಲಿ ಉಪಾಯವಿದೆ: ಹೆಸರಿನ ಶುರುವಿಗೆ ಒಂದು ಅಡಿಗೆರೆ ಹಾಕಿದ ಗುಪ್ತ ಖಾನೆ ಜೊತೆಗೆ ಕಳಿಸಿದರೆ, 'ಚೌಕ ಇತ್ತು, ಟಿಕ್ ಇಲ್ಲ' ಅಂತ ಅದು ಸಾಕ್ಷಿ ಹೇಳುತ್ತದೆ.

ಇಷ್ಟು ಸರಿಯಾಗಿದ್ದದ್ದನ್ನು ಕೆಡಿಸಿದ್ದು ನನ್ನ ಮಾವಭಕ್ತಿ. ಸೊನ್ನೆಯಿಂದ ಎಣಿಸಿದರೆ ಮಾವನಿಗೆ ತಿಳಿಯುವುದಿಲ್ಲ ಅಂತ ಫಾರಮ್ಮಿನಲ್ಲಿ 1ರಿಂದ ಶುರು ಮಾಡಿದೆ. ಸರ್ವರ್ ಏನು ಮಾಡಿತು? 1 ಅಂದರೆ ಎರಡನೆಯದು, ಹಾಗಾದರೆ ಮೊದಲನೆಯದು ಎಲ್ಲೋ ದಾರಿಯಲ್ಲಿರಬೇಕು ಅಂತ ಅದಕ್ಕೊಂದು ಖಾಲಿ ಜಾಗ ಮಾಡಿಟ್ಟಿತು. ಪ್ರತಿ ಆರ್ಡರಿನ ತಲೆಯ ಮೇಲೂ 'ನಲ್' ಎಂದು ಅಚ್ಚಾಗತೊಡಗಿತು. ನಮ್ಮ ಕಸುಬಿನಲ್ಲಿ ನಲ್ ಎಂದರೆ ಶೂನ್ಯ, ಏನೂ ಇಲ್ಲ, ಬರಿದು. ಹೋಟೆಲಿನಲ್ಲಿ ಹಾಗಲ್ಲ.

"ಮಾವೋ, ಇವ್ರು ಮೊದಲು ನಲ್ಲಿ ಕೇಳವ್ರೆ" ಅಂದನಂತೆ ಸಪ್ಲೈಯರ್.

"ನಲ್ಲಿ ನೀರಿರಬೇಕು. ಮನೆ ಹೊಸದಲ್ವಾ, ಕನೆಕ್ಷನ್ ಬಂದಿರಲ್ಲ. ಎರಡು ಕ್ಯಾನ್ ಇಡು" ಅಂದನಂತೆ ಮಾವ.

ಒಂದು ವಾರ ಪ್ರತಿ ಆರ್ಡರಿನ ಜೊತೆ ಎರಡು ಕ್ಯಾನ್ ನೀರು ಹೋಯಿತು. ನೀರು ಬೇಡ ಅಂದವರು ಯಾರೂ ಇಲ್ಲ. ತುಮಕೂರು ಸೀಮೆಯಲ್ಲಿ ಯಾರಾದರೂ ನೀರು ತಂದುಕೊಟ್ಟರೆ ಕಾರಣ ಕೇಳುವ ವಾಡಿಕೆ ಇಲ್ಲ. ಕ್ಯಾನಿನ ದುಡ್ಡು ಲೆಕ್ಕಕ್ಕೆ ಬಂದಾಗಲೇ ನನಗೆ ಬುಲಾವು ಬಂದದ್ದು.

ಸರಿ, ಸೊನ್ನೆಯಿಂದಲೇ ಶುರು ಮಾಡಿದೆ. ಮಾರನೇ ದಿನ ಬೆಳಗ್ಗೆ ಐದೂವರೆಗೆ ಫೋನು. "ಬೋಣಿ ಹೊತ್ತಲ್ಲಿ ಸೊನ್ನೆ ಬರೆದು ಕಳಿಸ್ತೀಯಲ್ಲೋ! 'ಸೊನ್ನೆ, ತಟ್ಟೆ ಇಡ್ಲಿ' ಅಂತ ಐತೆ ಇಲ್ಲಿ. ನನ್ನ ವ್ಯಾಪಾರ ಉದ್ಧಾರ ಆಯ್ತದಾ?"

ಓಡಿಹೋಗಿ ಇಡ್ಲಿ ಪಾತ್ರೆಯ ಮುಂದೆ ನಿಂತು ವಿವರಿಸಿದೆ. ನೆದರ್ಲೆಂಡ್ಸಿನ ಡೈಕ್‌ಸ್ಟ್ರ ಎಂಬ ಮಹಾಪಂಡಿತ 1982ರ ಆಗಸ್ಟ್ 11ರಂದು ಕೈಬರಹದಲ್ಲೇ ಒಂದು ಟಿಪ್ಪಣಿ ಬರೆದು, ಎಣಿಕೆ ಸೊನ್ನೆಯಿಂದಲೇ ಶುರುವಾಗಬೇಕು ಅಂತ ಸಾಧಿಸಿಬಿಟ್ಟಿದ್ದಾನೆ. ಹತ್ತು ತಟ್ಟೆ ಇದ್ದರೆ ಸೊನ್ನೆಯಿಂದ ಹಿಡಿದು ಹತ್ತಕ್ಕಿಂತ ಕಮ್ಮಿ ಇರುವ ತನಕ. ಮೇಲಿನ ಅಂಕಿಯೇ ಒಟ್ಟು ಲೆಕ್ಕ, ಕೂಡುವ ಕಳೆಯುವ ತಾಪತ್ರಯವಿಲ್ಲ. ಮಾವ ಪಾತ್ರೆಯ ಮುಚ್ಚಳ ತೆಗೆದು, ಹಬೆಯೊಳಗಿಂದ ಕೇಳಿದ: "ಅವನು ಇಡ್ಲಿ ಮಾರಿದ್ನಾ?"

ನಮ್ಮವರೇ ಬೇಕು ಅನ್ನಿಸಿ ಮಹಾವೀರಾಚಾರ್ಯನನ್ನು ಕರೆತಂದೆ. ಒಂಬತ್ತನೇ ಶತಮಾನ, ಅಮೋಘವರ್ಷ ನೃಪತುಂಗನ ಕಾಲ, 'ಗಣಿತಸಾರಸಂಗ್ರಹ' ಬರೆದವನು. ಅದರಲ್ಲಿ, ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂದಿದ್ದಾನೆ. ಇಂದಿನ ಗಣಿತಕ್ಕೆ ಇದು ತಪ್ಪು, ಇದಕ್ಕಾಗಿ ಪುಸ್ತಕಗಳಲ್ಲಿ ಅವನಿಗೆ ಒಂದು ಮೊಟಕು ಇದ್ದೇ ಇರುತ್ತದೆ. ಆದರೆ ಮಾವನಿಗೆ ಅದು ತಕ್ಷಣ ಹಿಡಿಸಿತು. "ಸರಿಯಾಗೇ ಐತಲ್ಲ. ಐವತ್ತು ಇಡ್ಲಿ ಬೇಯಿಸಿದೀನಿ, ತಿನ್ನೋರು ಯಾರೂ ಬರಲಿಲ್ಲ. ಎಷ್ಟು ಉಳೀತು? ಐವತ್ತು. ಇದರಲ್ಲಿ ತಪ್ಪೇನೈತೆ?" ಕೊರೋನಾ ಕಾಲದ ಹೋಟೆಲಿನವನ ಮುಂದೆ ಇದನ್ನು ಖಂಡಿಸುವ ಧೈರ್ಯ ನನಗೆ ಬರಲಿಲ್ಲ.

ಬಗೆಹರಿಸಿದವಳು ಅಜ್ಜಿ. ಅಂದರೆ ಅವಳ ನೆನಪು. ಕಣದಲ್ಲಿ ರಾಗಿ ಅಳೆಯುವಾಗ ಅವಳು ಎಂದೂ 'ಒಂದು' ಅಂದವಳಲ್ಲ. ಮೊದಲ ಸೇರಿಗೆ 'ಲಾಭ'. ಆಮೇಲೆ ಎರಡು, ಮೂರು, ನಾಲ್ಕು. ಏಳಕ್ಕೆ ಬಂದರೆ 'ಏಳು' ಅನ್ನುತ್ತಿರಲಿಲ್ಲ. ಏಳು ಅಂದರೆ ಎದ್ದು ಹೋಗು ಅಂದಂತಲ್ಲವೇ, ಲಕ್ಷ್ಮಿ ಎದ್ದು ಹೋದರೆ? ಅದಕ್ಕೆ 'ಇನ್ನೊಂದು' ಅನ್ನುತ್ತಿದ್ದಳು. ಅಳತೆ ಮಾತ್ರ ಒಂದು ಸೇರೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಸಾಲಿನ ನಂಬರೇ ಬೇರೆ, ನಾವು ಅದನ್ನು ಕರೆಯುವ ಹೆಸರೇ ಬೇರೆ ಎಂಬುದನ್ನು ನನಗೆ ಆಫೀಸಿನಲ್ಲಿ ಮೂರು ದಿನದ ತರಬೇತಿ ಕೊಟ್ಟು ಹೇಳಿದ್ದರು. ಅಜ್ಜಿ ಅದನ್ನು ಮೊರದಲ್ಲಿ ಇಟ್ಟುಕೊಂಡಿದ್ದಳು. ಅವತ್ತೇ ಬದಲಾಯಿಸಿದೆ. ಒಳಗೆ ಸೊನ್ನೆ, ಹೊರಗೆ ಲಾಭ. ಆರ್ಡರ್ ಚೀಟಿಯ ಮೊದಲ ಸಾಲು 'ಲಾಭ, ತಟ್ಟೆ ಇಡ್ಲಿ' ಎಂದು ಬಂದಾಗ ಮಾವ ಅದನ್ನು ಕಣ್ಣಿಗೊತ್ತಿಕೊಂಡು ಮೊಳೆಗೆ ಚುಚ್ಚಿದ. ಹೌದು, ಮೊಳೆ ಇನ್ನೂ ಇತ್ತು.

ಆಗ ಶುರುವಾಯಿತು 'ತೆಗೆಯಿರಿ' ಗುಂಡಿಯ ಕಾಟ. ಗಿರಾಕಿ ಮೂರು ಸಾಲು ಹಾಕಿ, ನಡುವಿನ ವಡೆ ಬೇಡವೆಂದು ತೆಗೆದ. ಉಳಿದದ್ದು 0 ಮತ್ತು 2. ನಡುವೆ ಹಲ್ಲು ಬಿದ್ದ ಬಾಯಿ. ಈ ಬೊಚ್ಚನ್ನು ಒಬ್ಬೊಬ್ಬ ಫ್ರೇಮ್‌ವರ್ಕೂ ಒಂದೊಂದು ಥರ ನೋಡುತ್ತದೆ. ಅದನ್ನು ತಿಳಿಯಲು ಸಿದ್ಧಗಂಗೆಯ ಪಂಕ್ತಿಯಲ್ಲಿ ಕೂತರೆ ಸಾಕು. ಮಠ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಶಿವಕುಮಾರ ಸ್ವಾಮೀಜಿಯವರು 111 ವರ್ಷ ಬಾಳಿ, 2019ರ ಜನವರಿ 21ರಂದು ಲಿಂಗೈಕ್ಯರಾದ ದಿನ ಬಂದ ಆ ಜನಸಾಗರವೂ ಊಟ ಮಾಡಿಯೇ ಹೋಯಿತು. ದಿನವೂ ಸಾವಿರಾರು ಮಕ್ಕಳು ಉಣ್ಣುವ ಸಾಲು. ನಡುವೆ ಒಬ್ಬ ಹುಡುಗ ಎದ್ದುಹೋಗಿದ್ದರೆ ಬಡಿಸುವವರು ಆ ಜಾಗ ದಾಟಿ ಮುಂದಿನವನಿಗೆ ಮುದ್ದೆ ಇಡುತ್ತಾರೆ. ಇದಕ್ಕೆ ಯಾರೂ ಅವರಿಗೆ ತರಬೇತಿ ಕೊಟ್ಟಿಲ್ಲ.

ಸ್ಪ್ರಿಂಗ್ ಬಡಿಸಲು ಬಂದರೆ ಖಾಲಿ ಜಾಗಕ್ಕೂ ಒಂದು ಖಾಲಿ ತಟ್ಟೆ ಹಾಕಿ, ಅದರ ಮುಂದೆ ಭಕ್ತಿಯಿಂದ ನಿಂತು ಮುಂದೆ ಹೋಗುತ್ತದೆ. ಆಮೇಲೆ ಎಲೆ ಎತ್ತುವವನಿಗೆ ಸಿಗುವುದು ಆ ತಟ್ಟೆ, ಅರ್ಥಾತ್ ನಲ್ಲಿ ನೀರು. ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್ ನೆಟ್ ಎಂವಿಸಿ ಇನ್ನೂ ಬಿಗುಮಾನದ್ದು: ಖಾಲಿ ಜಾಗ ಕಂಡೊಡನೆ ಪಂಕ್ತಿ ಮುಗಿಯಿತು ಎಂದುಕೊಂಡು ಬಕೆಟ್ ಎತ್ತಿಕೊಂಡು ವಾಪಸ್ಸು. ಆಚೆ ಕೂತವರು ಹಸಿದುಕೊಂಡೇ ಇರಬೇಕು, ಒಂದು ಮಾತೂ ಹೇಳಿ ಹೋಗುವುದಿಲ್ಲ. ಪ್ರತಿ ಸಾಲಿಗೂ ಇಂಡೆಕ್ಸ್ ಎಂಬ ಗುಪ್ತ ಖಾನೆ ಇಟ್ಟು, ಯಾರ‍್ಯಾರು ಕೂತಿದ್ದಾರೆ ಎಂದು ಮೊದಲೇ ತಿಳಿಸಿದರೆ ಮಾತ್ರ ಮುಂದೆ ಬರುತ್ತದೆ. ಪಿಎಚ್‌ಪಿಗೆ ಇದ್ಯಾವ ತಲೆಬಿಸಿಯೂ ಇಲ್ಲ. 0 ಬಂದನಾ, 2 ಬಂದನಾ, ಅವರವರ ನಂಬರಿನಲ್ಲೇ ಕೂತುಕೊಳ್ಳಲಿ, 1 ಯಾಕೆ ಬರಲಿಲ್ಲ ಅಂತ ಕೇಳಲು ತಾನ್ಯಾರು? ರೈಲ್ಸ್ ಕೂಡ ಹೆಚ್ಚುಕಮ್ಮಿ ಹಾಗೇ, ನಂಬರನ್ನೇ ಹೆಸರಿನಂತೆ ಕೂಗುತ್ತದೆ. ನನಗೆ ಮಠದ ಪದ್ಧತಿಗೆ ಹತ್ತಿರವಾಗಿ ಕಂಡದ್ದು ಇವೆರಡು. ಆದರೆ ನನ್ನ ಸಂಬಳ ಸ್ಪ್ರಿಂಗಿನಿಂದ.

ಖಾಲಿ ತಟ್ಟೆಗಳನ್ನು ಸರ್ವರಿನಲ್ಲಿ ಎತ್ತಿ ಬಿಸಾಡುವ ಒಂದು ಸಾಲು ಬರೆದು ನಿದ್ದೆ ಮಾಡಿದೆ. ಆದರೆ ಒಂದು ಹುಳ ಉಳಿದಿತ್ತು. ಹೊಸ ಸಾಲಿಗೆ ನಂಬರು ಕೊಡುವಾಗ, ಈಗ ಎಷ್ಟು ಸಾಲಿವೆಯೋ ಅದೇ ನಂಬರು ಅಂತ ಬರೆದಿದ್ದೆ. ಮೂರು ಸಾಲಿದ್ದರೆ ಮುಂದಿನದು 3, ಚೆಂದವಾಗಿಯೇ ಇದೆ. ನಡುವಿನದನ್ನು ತೆಗೆದರೆ? ಉಳಿದದ್ದು 0, 2, ಸಾಲುಗಳು ಎರಡು, ಹೊಸದಕ್ಕೆ ನಂಬರು 2. ಈಗ 2ನೇ ನಂಬರಿನ ಮನೆಗೆ ಇಬ್ಬರು ಯಜಮಾನರು. ಸ್ಪ್ರಿಂಗ್ ಜಗಳ ಬಿಡಿಸುವುದಿಲ್ಲ, ಇಬ್ಬರನ್ನೂ ಅಲ್ಪವಿರಾಮ ಹಾಕಿ ಕಟ್ಟಿಬಿಡುತ್ತದೆ. ಚೀಟಿಯಲ್ಲಿ 'ಕೇಸರಿಬಾತ್,ಉಪ್ಪಿಟ್ಟು' ಎಂದು ಒಂದೇ ತಿಂಡಿಯಾಗಿ ಬಂತು. ಮಾವ ಇದನ್ನು ಕೇಳಿ ಗಾಬರಿಯಾಗಲಿಲ್ಲ. "ಚೌಚೌಬಾತ್ ಅನ್ನೋಕೆ ಇಷ್ಟು ಸುತ್ತಿ ಬಳಸಿ ಬರೆದೈತೆ" ಅಂದ. ಒಂದೇ ಪ್ಲೇಟಿನಲ್ಲಿ ಅತ್ತ ಒಂದು ಇತ್ತ ಒಂದು ಹಾಕಿ ಕಳಿಸಿದ. ನನ್ನ ತಪ್ಪಿಗೆಲ್ಲ ಆ ಹೋಟೆಲಿನಲ್ಲಿ ಒಂದೊಂದು ತಿಂಡಿ ಮೊದಲೇ ಸಿದ್ಧವಿತ್ತು.

ತಿಂಡಿ ಇಲ್ಲದ ಕಡೆ ಬಚಾವಾಗಲಿಲ್ಲ. ಮಾವನ ಮಗಳ ಮದುವೆ, ಗುಬ್ಬಿಯ ಒಂದು ಕಲ್ಯಾಣಮಂಟಪದಲ್ಲಿ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರು ಅದು. ಸೀನು ಸೀನರಿಗೆ ಕೊರತೆಯಾಗದ ನೆಲ. ಮುಯ್ಯಿ ಬರೆಯುವ ಟೇಬಲ್ಲಿಗೆ ನೋಟ್‌ಬುಕ್ಕಿನ ಪಕ್ಕ ನನ್ನ ಲ್ಯಾಪ್‌ಟಾಪನ್ನೂ ಇಟ್ಟರು. ಅದೇ ಫಾರಂ, ತಿಂಡಿಯ ಬದಲು ಹೆಸರು, ಊರು, ಮೊತ್ತ. ಚಿಕ್ಕಪ್ಪನ ಮಗ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದ, ನಾನು ಟೈಪಿಸುತ್ತಾ ಹೋದೆ. ಜನ ಬರುತ್ತಲೇ ಇದ್ದರು. ನಡುನಡುವೆ ಉಳಿಸಿಕೊಳ್ಳಬೇಕೆಂಬ ಬುದ್ಧಿ ಹೊಳೆಯಲಿಲ್ಲ. ಹೊಸ ಲಕೋಟೆ ಬರದಾದಾಗ ಒಮ್ಮೆಲೇ ಕಳಿಸೋಣವೆಂದು ಗುಂಡಿ ಒತ್ತಿದೆ.

ಪರದೆ ತುಂಬ ಕೆಂಪು ಅಕ್ಷರ.

ಸ್ಪ್ರಿಂಗಿನ ಬೈಂಡರ್ ಪಟ್ಟಿಯನ್ನು ತಾನಾಗಿ ಬೆಳೆಸುವುದಕ್ಕೆ ಒಂದು ಮಿತಿ ಇದೆ, ಯಾರೂ ಬದಲಾಯಿಸದಿದ್ದರೆ 256. ಯಾರೋ ಕಿಡಿಗೇಡಿ ತಿಂಡಿ[999999999] ಅಂತ ಒಂದೇ ಸಾಲು ಕಳಿಸಿದರೆ ಅಷ್ಟೂ ಖಾಲಿ ತಟ್ಟೆ ಹಾಕಲು ಹೋಗಿ ಸರ್ವರ್ ಸಾಯಬಾರದಲ್ಲ, ಅದಕ್ಕೆ. ಇದು ಉತ್ಪ್ರೇಕ್ಷೆಯಲ್ಲ. 2011ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಹ್ಯಾಕರುಗಳ ಜಾತ್ರೆಯಲ್ಲಿ ಇಬ್ಬರು ಜರ್ಮನ್ನರು, ಫಾರಮ್ಮಿನ ಖಾನೆಗಳಿಗೆ ಲೆಕ್ಕಹಾಕಿ ಹೆಸರಿಟ್ಟು ರಾಶಿ ರಾಶಿ ಕಳಿಸಿದರೆ ದೊಡ್ಡ ಸರ್ವರೂ ಉಸಿರುಕಟ್ಟಿ ಕೂರುತ್ತದೆಂದು ತೋರಿಸಿದ್ದರು. ಮುಂದಿನ ತಿಂಗಳೇ ಪಿಎಚ್‌ಪಿ, ಒಂದು ಫಾರಮ್ಮಿಗೆ 1000 ಖಾನೆ ಸಾಕು ಅಂತ ಬಾಗಿಲಿಗೆ ಆಳು ನಿಲ್ಲಿಸಿತು. ಒಳ್ಳೆಯದೇ. ಆದರೆ ಈ ಕಾನೂನು ಮಾಡಿದವರು ಯಾರೂ ತುಮಕೂರು ಜಿಲ್ಲೆಯ ಮದುವೆ ನೋಡಿದವರಲ್ಲ.

ಸೊನ್ನೆಯಿಂದ ಎಣಿಸಿದರೆ 255ಕ್ಕೆ 256 ಮಂದಿ ತುಂಬಿದರು. ಎಡವಿದ್ದು 257ನೆಯ ಮುಯ್ಯಿಗೆ. ನೋಟ್‌ಬುಕ್ಕಿನಲ್ಲಿ ನೋಡಿದರೆ ಅದು ಕುಣಿಗಲ್ಲಿನ ಬೀಗರದ್ದು. ನಾನು ಜೋರಾಗಿ, "ಕುಣಿಗಲ್‌ನೋರ ಮುಯ್ಯಿಗೆ ಸಿಸ್ಟಮ್ ಬಿತ್ತು" ಅಂದದ್ದು ಪಕ್ಕದ ಪಂಕ್ತಿಗೆ ಕೇಳಿಸಿತು. ಐದು ನಿಮಿಷದಲ್ಲಿ ಬೀಗರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಏನ್ ಸ್ವಾಮಿ, ನಮ್ಮ ಮುಯ್ಯಿ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

"ಅದಲ್ಲ, 255ಕ್ಕಿಂತ ಮೇಲೆ ಅದು ತಗೊಳ್ಳಲ್ಲ..."

"ಇನ್ನೂರೈವತ್ತೈದಾ? ನಾವು ಹಾಕಿರೋದು ಐದು ಸಾವಿರದ ಒಂದು!"

ಮಾವ ಬಂದು, ಬೀಗರ ಹೆಗಲ ಮೇಲೆ ಕೈ ಹಾಕಿ, ನೋಟ್‌ಬುಕ್ ತೆರೆದು ಅವರ ಹೆಸರನ್ನು ಬೆರಳಿಟ್ಟು ತೋರಿಸಿದ ಮೇಲೆ ವಾತಾವರಣ ತಿಳಿಯಾಯಿತು. ನಾನು ಹಿಂದಿನ ಪುಟಕ್ಕೆ ಹೋಗಿ ನೋಡಿದೆ. ಸಾಲುಗಳೆಲ್ಲ ಮಾಯ, ಬರೀ ಮೊದಲ ಸಾಲು ಖಾಲಿಯಾಗಿ ಕೂತಿತ್ತು, ಪಕ್ಕದಲ್ಲಿ 'ಲಾಭ' ಎಂದು ಬರೆದುಕೊಂಡು.

ಮದುವೆ ಮುಗಿದ ಮೇಲೆ ಒಂದು ವಾರ ಕೂತು ಎಲ್ಲ ರಿಪೇರಿ ಮಾಡಿದೆ. ಸಾಲಿಗೆ ಒಮ್ಮೆ ಕೊಟ್ಟ ನಂಬರು ಮತ್ತೆ ಯಾರಿಗೂ ಇಲ್ಲ. ಕಳಿಸುವ ಮುನ್ನ ಸೊನ್ನೆಯಿಂದ ಹೊಸದಾಗಿ ಎಣಿಕೆ. ಮುಯ್ಯಿ ಐವತ್ತೈವತ್ತರ ಕಂತಿನಲ್ಲಿ. ಎಲ್ಲ ಸರಿಹೋಯಿತೆಂದು ಖಾತ್ರಿಯಾದ ಮೇಲೆ, ಒಂದು ಬೆಳಗ್ಗೆ ಗಲ್ಲಾಪೆಟ್ಟಿಗೆ ಎದುರು ನಿಂತು, ಕಾಲಿನಿಂದ ನೆಲ ಕೆರೆಯುತ್ತಾ ಕೇಳಿದೆ: "ಮಾವ, ಇಷ್ಟು ದಿನ ಕೆಲಸ ಆಯ್ತಲ್ಲ... ಒಂದೇ ಸಲಕ್ಕೆ ಅಂತಲ್ಲ, ಕಂತಿನಲ್ಲಿ ಕೊಟ್ರೂ ಆಗುತ್ತೆ."

ಮಾವ ಚಿಲ್ಲರೆ ಎಣಿಸುತ್ತಿದ್ದವನು ತಲೆ ಎತ್ತಲಿಲ್ಲ. "ಮೊದಲನೇ ಕಂತು ಕೊಟ್ಟಾಯ್ತಲ್ಲೋ."

"ಯಾವಾಗ?"

"ನಿಮ್ಮ ಲೆಕ್ಕದಾಗೆ ಮೊದಲನೇದು ಸೊನ್ನೆ. ಒಳಗೆ ಸೊನ್ನೆ, ಹೊರಗೆ ಲಾಭ ಅಂತ ನೀನೇ ಅಲ್ವಾ ಮಾಡಿದ್ದು?" ಎಂದವನೇ ಅಡುಗೆಮನೆ ಕಡೆ ತಿರುಗಿ ಕೂಗಿದ, "ಏಯ್, ಅಳಿಯಂಗೆ ಒಂದು ತಟ್ಟೆ ಇಡ್ಲಿ, ಬೆಣ್ಣೆ ಹಾಕು!"

ಸಪ್ಲೈಯರ್ ತಂದಿಟ್ಟದ್ದು ಬೆಣ್ಣೆ ಹಾಕಿದ ಕೇಸರಿಬಾತ್.